ಟಿಕೆಟ್ ಕೊಡುವ ಕೈ ಯಾರದು? ಅಮೆರಿಕದ ಪ್ರೈಮರಿ, ಹೊರಗಿನ ಬೆಂಬಲ, ಒಳಗಿನ ಬಂಡಾಯ

ರಾಜ್ಯಶಾಸ್ತ್ರದ ವಿದ್ಯಾರ್ಥಿಗಳು ಮತ್ತು ಕೆಲವು ಹಿರಿಯರ ಮುಂದೆ ಧಾರವಾಡದಲ್ಲಿ ಆಡಿದ ಮಾತುಗಳಿವು. ಬರಹಕ್ಕೆ ಇಳಿಸುವಾಗ ಕೆಲವು ಕಡೆ ವಿಸ್ತರಿಸಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನೂ ಉಳಿಸಿಕೊಂಡಿದ್ದೇನೆ.

ಗೆಳೆಯರೇ,

1938ರ ಆಗಸ್ಟ್ 11. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಬಾರ್ನ್ಸ್‌ವಿಲ್ ಎಂಬ ಸಣ್ಣ ಊರು. ಹಳ್ಳಿಗಳಿಗೆ ವಿದ್ಯುತ್ ಕೊಡುವ ಯೋಜನೆಯೊಂದರ ಉದ್ಘಾಟನೆಗೆ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಬಂದಿದ್ದಾರೆ. ಎರಡು ವರ್ಷಗಳ ಹಿಂದಷ್ಟೇ 48 ರಾಜ್ಯಗಳಲ್ಲಿ 46ನ್ನು ಗೆದ್ದವರು. ಅದೇ ವೇದಿಕೆಯಲ್ಲಿ ಅವರದೇ ಡೆಮಾಕ್ರಟಿಕ್ ಪಕ್ಷದ, ಅದೇ ರಾಜ್ಯದ ಸೆನೆಟರ್ ವಾಲ್ಟರ್ ಜಾರ್ಜ್ ಕುಳಿತಿದ್ದಾರೆ. ರೂಸ್‌ವೆಲ್ಟ್ ಮೈಕಿನ ಮುಂದೆ ನಿಂತು ಜಾರ್ಜ್ ಅವರನ್ನು ಗೆಳೆಯ ಎಂದೇ ಕರೆದರು. ಆಮೇಲೆ, ನಾವಿಬ್ಬರೂ ಒಂದೇ ಭಾಷೆ ಆಡುವವರಲ್ಲ, ಮುಂಬರುವ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆಯಲ್ಲಿ, ನನಗೆ ಮತವಿದ್ದಿದ್ದರೆ ಅದು ಜಾರ್ಜ್ ಎದುರು ನಿಂತಿದ್ದ ಲಾರೆನ್ಸ್ ಕ್ಯಾಂಪ್ ಅವರಿಗೆ ಹೋಗುತ್ತಿತ್ತು ಎಂಬ ಅರ್ಥದ ಮಾತನ್ನು ಅಷ್ಟೂ ಜನರ ಎದುರು ಹೇಳಿದರು. ಭಾಷಣ ಮುಗಿದ ಮೇಲೆ ಜಾರ್ಜ್ ಎದ್ದು ಬಂದು ಕೈಕುಲುಕಿ, ಸವಾಲನ್ನು ಸ್ವೀಕರಿಸುತ್ತೇನೆ ಅಧ್ಯಕ್ಷರೇ ಎಂದರು.

ಆ ಪ್ರೈಮರಿಯಲ್ಲಿ ಜಾರ್ಜ್ ಗೆದ್ದರು. ಅಧ್ಯಕ್ಷರು ಬೆಂಬಲಿಸಿದ್ದ ಕ್ಯಾಂಪ್ ಎರಡನೆಯ ಸ್ಥಾನಕ್ಕೂ ಬರಲಿಲ್ಲ, ಮೂರನೆಯವರಾದರು. ಆ ವರ್ಷ ರೂಸ್‌ವೆಲ್ಟ್ ಇದೇ ಪ್ರಯೋಗವನ್ನು ದಕ್ಷಿಣ ಕೆರೊಲಿನಾದಲ್ಲೂ ಮೇರಿಲ್ಯಾಂಡಿನಲ್ಲೂ ಮಾಡಿದರು. ತಮ್ಮ ಸುಧಾರಣೆಗಳಿಗೆ ಅಡ್ಡಗಾಲು ಹಾಕುತ್ತಿದ್ದ ಸ್ವಪಕ್ಷೀಯ ಸೆನೆಟರ್‌ಗಳನ್ನು ಸೋಲಿಸಿ ಎಂದು ಜನರನ್ನು ಕೇಳಿಕೊಂಡರು. ಎರಡೂ ಕಡೆ ಹಾಲಿ ಸೆನೆಟರ್‌ಗಳೇ ಗೆದ್ದರು. ಕೈಗೂಡಿದ್ದು ನ್ಯೂಯಾರ್ಕಿನ ಒಂದು ಕ್ಷೇತ್ರದಲ್ಲಿ ಮಾತ್ರ. ಅಲ್ಲಿ ಜನಪ್ರತಿನಿಧಿ ಸಭೆಯ ಸದಸ್ಯ ಜಾನ್ ಓ'ಕಾನರ್ ಸೋತರು.

ಜಾರ್ಜಿಯಾದ ಜನ ರೂಸ್‌ವೆಲ್ಟ್ ಅವರನ್ನು ದ್ವೇಷಿಸುತ್ತಿರಲಿಲ್ಲ. ಅಲ್ಲಿನ ವಾರ್ಮ್ ಸ್ಪ್ರಿಂಗ್ಸ್‌ನಲ್ಲಿ ಅವರಿಗೆ ಮನೆಯಿತ್ತು. ಪೋಲಿಯೊ ಪೀಡಿತರಾಗಿದ್ದ ಅವರು ಅಲ್ಲಿನ ಬಿಸಿನೀರ ಬುಗ್ಗೆಗಳಿಗೆ ವರ್ಷವರ್ಷವೂ ಬರುತ್ತಿದ್ದರು. ಅಧ್ಯಕ್ಷ ಸ್ಥಾನಕ್ಕೆ ಅವರಿಗೆ ರಾಶಿ ರಾಶಿ ಮತ ಹಾಕಿದ ರಾಜ್ಯ ಅದು. ಆದರೂ ನಮ್ಮ ಸೆನೆಟರ್ ಯಾರಾಗಬೇಕು ಎಂಬುದನ್ನು ವಾಷಿಂಗ್ಟನ್ನಿನಿಂದ ಬಂದವರು ಹೇಳಬೇಕೆ ಎಂಬ ಪ್ರಶ್ನೆ ಎದ್ದಾಗ ಉತ್ತರ ಬೇರೆಯಾಯಿತು. ಅಂತರ್ಯುದ್ಧದಲ್ಲಿ ಜನರಲ್ ಶೆರ್ಮನ್‌ನ ಸೈನ್ಯ ಜಾರ್ಜಿಯಾವನ್ನು ಸುಟ್ಟುಕೊಂಡು ಸಾಗಿದ್ದನ್ನು ನೆನಪಿಸಿ, ಇದು ಜಾರ್ಜಿಯಾದ ಮೇಲಿನ ಎರಡನೆಯ ದಂಡಯಾತ್ರೆ ಎಂದು ಜಾರ್ಜ್ ಕರೆದರು. ಆ ಒಂದು ಮಾತಿನಲ್ಲಿ ಅವರ ಚುನಾವಣೆ ಅರ್ಧ ಮುಗಿದುಹೋಗಿತ್ತು.

ಇಂದಿನ ನನ್ನ ಮಾತೆಲ್ಲ ಈ ವೇದಿಕೆಯ ಸುತ್ತಲೇ ಇದೆ. ಹೊರಗಿನವರ ಬೆಂಬಲ ಎಷ್ಟು ಫಲ ಕೊಡುತ್ತದೆ ಎಂಬುದು ಬೆಂಬಲಿಸಿದವರು ಎಷ್ಟು ದೊಡ್ಡವರು ಎಂಬುದರಿಂದ ತೀರ್ಮಾನವಾಗುವುದಿಲ್ಲ. ಮತದಾರ ಅವರನ್ನು ತನ್ನವರೆಂದು ಬಗೆಯುತ್ತಾನೆಯೇ, ಅವರ ಮಾತು ಬೇಕಾಗುವಷ್ಟು ಗೊಂದಲದಲ್ಲಿ ಅವನಿದ್ದಾನೆಯೇ ಎಂಬ ಎರಡು ಸಂಗತಿಗಳನ್ನು ನೋಡಬೇಕು. ಬಂಡಾಯ ಅಭ್ಯರ್ಥಿಯ ವಿಷಯದಲ್ಲೂ ಹಾಗೆಯೇ. ಗಾಳಿ ಹೊರಗಿನಿಂದ ಬೀಸಬಹುದು, ಆದರೆ ಬೂದಿಯ ಕೆಳಗೆ ಕೆಂಡ ಮೊದಲೇ ಇರಬೇಕು.

ಮೊದಲು ಪ್ರೈಮರಿ ಎಂದರೇನು ಎಂಬುದನ್ನು ಹೇಳಿಬಿಡುತ್ತೇನೆ. ನಮ್ಮಲ್ಲಿ ಚುನಾವಣೆ ಬಂತೆಂದರೆ ಟಿಕೆಟ್ ಆಕಾಂಕ್ಷಿಗಳು ದೆಹಲಿಗೆ ಹೊರಡುತ್ತಾರೆ. ಹೈಕಮಾಂಡ್ ಪಟ್ಟಿ ಬಿಡುಗಡೆ ಮಾಡುತ್ತದೆ, ಬಿ ಫಾರಂ ಕೈಗೆ ಬಂದವರು ಅಭ್ಯರ್ಥಿ. ಅಮೆರಿಕದಲ್ಲಿ ಈ ಟಿಕೆಟ್ಟನ್ನು ಮತದಾರರೇ ಕೊಡುತ್ತಾರೆ. ನಿಜವಾದ ಚುನಾವಣೆಗೆ ಕೆಲವು ತಿಂಗಳು ಮೊದಲು ಪಕ್ಷದೊಳಗೇ ಒಂದು ಚುನಾವಣೆ ನಡೆಯುತ್ತದೆ. ಅದನ್ನು ನಡೆಸುವುದು ಸಾಮಾನ್ಯವಾಗಿ ಸರ್ಕಾರವೇ. ಕೆಲವು ರಾಜ್ಯಗಳಲ್ಲಿ ಪಕ್ಷದ ಮತದಾರರೆಂದು ಹೆಸರು ನೋಂದಾಯಿಸಿದವರಿಗೆ ಮಾತ್ರ ಮತ, ಮತ್ತೆ ಕೆಲವು ಕಡೆ ಯಾರು ಬೇಕಾದರೂ ಹೋಗಿ ಹಾಕಬಹುದು. ಗೆದ್ದವರು ಪಕ್ಷದ ಅಧ್ಯಕ್ಷರಿಗೆ ಇಷ್ಟವಿರಲಿ ಬಿಡಲಿ, ಪಕ್ಷದ ಅಭ್ಯರ್ಥಿಯಾಗುತ್ತಾರೆ.

ಈ ಪದ್ಧತಿ ಹುಟ್ಟಿದ್ದೇ ಒಂದು ಬಂಡಾಯದಿಂದ. ವಿಸ್ಕಾನ್ಸಿನ್ ರಾಜ್ಯದ ರಾಬರ್ಟ್ ಲಾ ಫಾಲೆಟ್, ಪಕ್ಷದ ದೊರೆಗಳು ಕೋಣೆಯಲ್ಲಿ ಕುಳಿತು ಅಭ್ಯರ್ಥಿಗಳನ್ನು ಆರಿಸುವುದರ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. ಗವರ್ನರ್ ಆದ ಮೇಲೆ 1904ರಲ್ಲಿ ಜನಮತದಿಂದಲೇ ಪ್ರೈಮರಿ ಕಾನೂನಿಗೆ ಒಪ್ಪಿಗೆ ಪಡೆದರು. ಅಧ್ಯಕ್ಷ ಸ್ಥಾನದ ಮಟ್ಟಕ್ಕೆ ಇದು ಪೂರ್ತಿ ಬರಲು ಇನ್ನೂ ಸುಮಾರು ಏಳು ದಶಕ ಬೇಕಾದವು. 1968ರಲ್ಲಿ ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ಸೆನೆಟರ್ ಯೂಜೀನ್ ಮೆಕಾರ್ಥಿ ಹಾಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ವಿರುದ್ಧ ನ್ಯೂ ಹ್ಯಾಂಪ್‌ಶೈರ್ ಪ್ರೈಮರಿಗೆ ಇಳಿದರು. ಅವರು ಗೆಲ್ಲಲಿಲ್ಲ, ಶೇ 42ರಷ್ಟು ಮತ ಪಡೆದರು. ಆದರೆ ಆ ತಿಂಗಳು ಮುಗಿಯುವ ಹೊತ್ತಿಗೆ ಜಾನ್ಸನ್ ಕಣದಿಂದಲೇ ಹಿಂದೆ ಸರಿದರು. ಅಷ್ಟಾದರೂ ಆ ವರ್ಷದ ಉಮೇದುವಾರಿಕೆ ಸಿಕ್ಕಿದ್ದು ಪ್ರೈಮರಿಗಳಲ್ಲಿ ಸ್ಪರ್ಧಿಸದೆ ಇದ್ದ ಉಪಾಧ್ಯಕ್ಷ ಹ್ಯೂಬರ್ಟ್ ಹಂಫ್ರಿ ಅವರಿಗೆ. ಅವರನ್ನು ಆರಿಸಿದ ಡೆಮಾಕ್ರಟಿಕ್ ಪಕ್ಷದ ಶಿಕಾಗೋ ಸಮಾವೇಶದ ಹೊರಗೆ ಯುವಕರ ಮೇಲೆ ಪೊಲೀಸರ ಲಾಠಿ ಬಿತ್ತು. ಪಕ್ಷ ತನ್ನ ನಿಯಮಗಳನ್ನೇ ತಿದ್ದಬೇಕಾಯಿತು. 1972ರಿಂದ ಅಧ್ಯಕ್ಷೀಯ ಅಭ್ಯರ್ಥಿಯನ್ನು ನಿಜಾರ್ಥದಲ್ಲಿ ಪ್ರೈಮರಿಗಳೇ ಆರಿಸುತ್ತಿವೆ.

ಇಲ್ಲಿ ಒಂದು ಸಣ್ಣ ಅಂಶವನ್ನು ಗಮನಿಸಿ. ನಮ್ಮ ಮತಯಂತ್ರದ ಮೇಲೆ ಕೈ, ಕಮಲ, ತೆನೆ ಹೊತ್ತ ಮಹಿಳೆ ಇರುತ್ತವೆ. ಅಭ್ಯರ್ಥಿಯ ಹೆಸರು ಗೊತ್ತಿಲ್ಲದಿದ್ದರೂ ಗುರುತು ದಾರಿ ತೋರಿಸುತ್ತದೆ. ಮತಯಂತ್ರದಲ್ಲಿ ಒಂಬತ್ತು ಹೆಸರುಗಳಿದ್ದು ಒಂಬತ್ತಕ್ಕೂ ಒಂದೇ ಗುರುತು ಇದ್ದರೆ ಏನು ಮಾಡುತ್ತೀರಿ? ಪ್ರೈಮರಿಯ ಮತದಾರ ನಿಲ್ಲುವುದು ಅಲ್ಲಿಯೇ. ಎಲ್ಲರೂ ಒಂದೇ ಪಕ್ಷದವರು, ಹೆಚ್ಚುಕಡಿಮೆ ಒಂದೇ ಮಾತು ಆಡುವವರು. ಆಗ ಅವನು ನಂಬುವ ಯಾರಾದರೂ ಈತ ನಮ್ಮವನು ಎಂದರೆ ಆ ಮಾತು ಚಿಹ್ನೆಯ ಕೆಲಸ ಮಾಡುತ್ತದೆ. ಸಾರ್ವತ್ರಿಕ ಚುನಾವಣೆಯಲ್ಲಿ ಅಷ್ಟಾಗಿ ಲೆಕ್ಕಕ್ಕೆ ಬಾರದ ಬೆಂಬಲ ಘೋಷಣೆ ಪ್ರೈಮರಿಯಲ್ಲಿ ತೂಕ ಪಡೆಯುವುದು ಈ ಕಾರಣದಿಂದ.

ಅಂಥ ಮಾತು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ 2020ರ ದಕ್ಷಿಣ ಕೆರೊಲಿನಾಕ್ಕಿಂತ ದೊಡ್ಡ ಉದಾಹರಣೆ ನನಗೆ ಸಿಕ್ಕಿಲ್ಲ. ಅದಕ್ಕೆ ಹೋಗುವ ಮೊದಲು ಮತ್ತೆ ಸ್ವಲ್ಪ 1938ಕ್ಕೆ ಬನ್ನಿ. ಆಗ ದಕ್ಷಿಣದ ಪ್ರೈಮರಿಗಳಲ್ಲಿ ಮತ ಹಾಕುತ್ತಿದ್ದವರು ಬಹುಮಟ್ಟಿಗೆ ಬಿಳಿಯರು ಮಾತ್ರ. ಅಲ್ಲಿ ಡೆಮಾಕ್ರಟಿಕ್ ಪಕ್ಷವನ್ನು ಬಿಟ್ಟರೆ ಬೇರೆ ಪಕ್ಷಕ್ಕೆ ನೆಲೆಯೇ ಇರಲಿಲ್ಲ, ಹಾಗಾಗಿ ಪ್ರೈಮರಿಯೇ ನಿಜವಾದ ಚುನಾವಣೆ. ಅದರಿಂದಲೇ ಕಪ್ಪು ಜನರನ್ನು ದೂರ ಇಟ್ಟರೆ ಕೆಲಸ ಮುಗಿಯಿತು. ನಮ್ಮ ರಾಜ್ಯದ ವಿಷಯಕ್ಕೆ ಹೊರಗಿನವರು ಬರಬೇಡಿ ಎಂದು ಜಾರ್ಜಿಯಾ ಗುಡುಗಿದಾಗ, ಆ ರಾಜ್ಯದೊಳಗೇ ಹುಟ್ಟಿ, ಅಲ್ಲೇ ಹತ್ತಿ ಬಿಡಿಸಿ, ಅಲ್ಲೇ ಮಣ್ಣಾಗುತ್ತಿದ್ದ ಲಕ್ಷಾಂತರ ಜನ ಲೆಕ್ಕಕ್ಕೇ ಇರಲಿಲ್ಲ. ಜಾರ್ಜ್ ಅವರ ಧೈರ್ಯದ ಕಥೆಯನ್ನು ಹೇಳುವಾಗಲೆಲ್ಲ ಈ ಸತ್ಯ ನನ್ನನ್ನು ಚುಚ್ಚುತ್ತದೆ. ಸ್ವಾಭಿಮಾನದ ಮಾತು ಯಾರ ಬಾಯಿಂದ ಬರುತ್ತಿದೆ ಎಂದು ಕೇಳದೆ ಅದಕ್ಕೆ ಚಪ್ಪಾಳೆ ತಟ್ಟಲು ನನ್ನಿಂದಾಗದು.

ದಕ್ಷಿಣ ಕೆರೊಲಿನಾದಲ್ಲಿ ಆ ವರ್ಷ ರೂಸ್‌ವೆಲ್ಟ್ ಬೆಂಬಲಿಸಿದ್ದು ಓಲಿನ್ ಜಾನ್ಸ್‌ಟನ್ ಎಂಬ ಗವರ್ನರನ್ನು. 1944ರಲ್ಲಿ ಬಿಳಿಯರಿಗೇ ಮೀಸಲಾದ ಪ್ರೈಮರಿ ಸಂವಿಧಾನಬಾಹಿರ ಎಂದು ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿತ್ತಾಗ ಮತ್ತೆ ಗವರ್ನರ್ ಆಗಿದ್ದವರು ಇದೇ ಜಾನ್ಸ್‌ಟನ್. ಅವರು ಶಾಸನಸಭೆಯ ವಿಶೇಷ ಅಧಿವೇಶನ ಕರೆದು, ಪ್ರೈಮರಿಗೆ ಸಂಬಂಧಿಸಿದ ಕಾನೂನುಗಳನ್ನೆಲ್ಲ ಕಿತ್ತುಹಾಕಿಸಿದರು. ಕಾನೂನೇ ಇಲ್ಲದಿದ್ದರೆ ಪಕ್ಷ ಖಾಸಗಿ ಕೂಟವಾಗುತ್ತದೆ, ಕೋರ್ಟು ಕೈಹಾಕಲಾರದು ಎಂಬ ಎಣಿಕೆ. 1947ರಲ್ಲಿ ಅದೇ ರಾಜ್ಯದ ನ್ಯಾಯಾಧೀಶ ವೇಟೀಸ್ ವೇರಿಂಗ್ ಆ ಎಣಿಕೆಯನ್ನು ಮುರಿದು ಕಪ್ಪು ಮತದಾರರಿಗೆ ಪ್ರೈಮರಿಯ ಬಾಗಿಲು ತೆರೆದರು. ಬಿಳಿ ಸಮಾಜ ಅವರನ್ನು ಬಹಿಷ್ಕರಿಸಿತು; ನಿವೃತ್ತಿಯ ನಂತರ ಅವರು ಊರು ಬಿಟ್ಟು ನ್ಯೂಯಾರ್ಕಿಗೆ ಹೋಗಬೇಕಾಯಿತು.

ಆ ತೀರ್ಪು ಬಂದಾಗ ಅದೇ ರಾಜ್ಯದ ಸಮ್ಟರ್ ಎಂಬ ಊರಿನಲ್ಲಿ ಹುಟ್ಟಿದ್ದ ಜಿಮ್ ಕ್ಲೈಬರ್ನ್ ಎಂಬ ಕಪ್ಪು ಹುಡುಗನಿಗೆ ಇನ್ನೂ ಏಳು ತುಂಬಿರಲಿಲ್ಲ. 2020ರ ಫೆಬ್ರುವರಿಯಲ್ಲಿ ಆತ ಸುಮಾರು ಮೂರು ದಶಕಗಳ ಸಂಸದ. ಜೋ ಬೈಡನ್ ಅವರ ಮೂರನೆಯ ಅಧ್ಯಕ್ಷೀಯ ಪ್ರಯತ್ನ ಆಗ ಮುಗಿಯುವ ಹಂತದಲ್ಲಿತ್ತು. ಅಯೋವಾದಲ್ಲಿ ನಾಲ್ಕನೆಯ ಸ್ಥಾನ, ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಐದನೆಯದು. ಬರ್ನಿ ಸ್ಯಾಂಡರ್ಸ್ ಎಂಬ ಬಂಡಾಯಗಾರ ಮುಂದಿದ್ದರು. ಆ ದಿನಗಳಲ್ಲಿ ಕ್ಲೈಬರ್ನ್ ಒಂದು ಅಂತ್ಯಕ್ರಿಯೆಗೆ ಹೋಗಿದ್ದರು. ತೀರಿಕೊಂಡವರು ಅವರ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ಬಹುಕಾಲದ ಗೆಳೆಯ. ಚರ್ಚಿನ ಮುಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯ ಮಹಿಳೆಯೊಬ್ಬರು ಅವರನ್ನು ಹತ್ತಿರ ಕರೆದು, ನೀವು ಯಾರಿಗೆ ಮತ ಹಾಕುತ್ತೀರಿ ಎಂದು ಕೇಳಿದರು. ಬೇರೆಯವರಿಗೆ ಕೇಳಿಸುವುದು ಬೇಡವಾದರೆ ಕಿವಿಯಲ್ಲಿ ಹೇಳಿ ಎಂದರು. ಕ್ಲೈಬರ್ನ್ ಬಗ್ಗಿ ಹೇಳಿದರು. ಆಕೆ, ನನಗೆ ಇದು ಬೇಕಿತ್ತು, ನಮ್ಮ ಜನಕ್ಕೂ ನಿಮ್ಮ ಬಾಯಿಂದ ಇದು ಬೇಕಾಗಿದೆ ಎಂದರಂತೆ. ಈ ಪ್ರಸಂಗವನ್ನು ಕ್ಲೈಬರ್ನ್ ಅವರೇ ಹಲವು ಬಾರಿ ಹೇಳಿಕೊಂಡಿದ್ದಾರೆ.

ಫೆಬ್ರುವರಿ 26ರಂದು ಅವರು ಬೈಡನ್ ಪರ ನಿಂತರು. ಮೂರು ದಿನಗಳ ನಂತರ ಬೈಡನ್ ಶೇ 48ಕ್ಕೂ ಹೆಚ್ಚು ಮತ ಪಡೆದು ಗೆದ್ದರು, ಸ್ಯಾಂಡರ್ಸ್ ಶೇ 20ರ ಆಸುಪಾಸಿನಲ್ಲಿ ಉಳಿದರು. ಮತ ಹಾಕಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕಪ್ಪು ಸಮುದಾಯದವರು. ಮತಗಟ್ಟೆಯಿಂದ ಹೊರಬಂದವರನ್ನು ಕೇಳಿದಾಗ ಹತ್ತಿರ ಹತ್ತಿರ ಅರ್ಧದಷ್ಟು ಜನ ಕ್ಲೈಬರ್ನ್ ಅವರ ಮಾತು ತಮಗೆ ಮುಖ್ಯವಾಗಿತ್ತು ಎಂದರು. ಅಲ್ಲಿಂದ ಮುಂದಿನದು ನಿಮಗೆ ಗೊತ್ತಿದೆ.

ರೂಸ್‌ವೆಲ್ಟ್ ಅವರಂಥ ಅಧ್ಯಕ್ಷರಿಂದ ಆಗದ್ದು ಒಂದು ಕ್ಷೇತ್ರದ ಸಂಸದರಿಂದ ಹೇಗಾಯಿತು? ಆ ಮಹಿಳೆಯ ಪ್ರಶ್ನೆಯನ್ನು ನೆನಪಿಡಿ. ಬಾರ್ನ್ಸ್‌ವಿಲ್ಲಿನಲ್ಲಿ ಯಾರೂ ಅಧ್ಯಕ್ಷರನ್ನು ನಾವು ಯಾರಿಗೆ ಮತ ಹಾಕಲಿ ಎಂದು ಕೇಳಿರಲಿಲ್ಲ. ಜಾರ್ಜ್ ಯಾರೆಂಬುದು ಅವರಿಗೆ ಹದಿನಾರು ವರ್ಷಗಳಿಂದ ಗೊತ್ತಿತ್ತು.

ಇನ್ನು ಬಂಡಾಯಗಾರರ ಕಡೆ ಬರೋಣ. ಬಂಡಾಯ ಅಭ್ಯರ್ಥಿ ಎಂದರೆ ನಮ್ಮಲ್ಲಿ ಟಿಕೆಟ್ ಸಿಗದೆ ಪಕ್ಷ ಬಿಟ್ಟು ಪಕ್ಷೇತರನಾಗಿ ನಿಂತವನು. ಅಮೆರಿಕದ ಬಂಡಾಯ ಪಕ್ಷದೊಳಗೇ ನಡೆಯುತ್ತದೆ. ಬಹುತೇಕ ರಾಜ್ಯಗಳಲ್ಲಿ ಪ್ರೈಮರಿಯಲ್ಲಿ ಸೋತವರು ಅದೇ ವರ್ಷ ಮತ್ತೆ ಮತಪತ್ರದ ಮೇಲೆ ಹೆಸರು ಹಾಕಿಸಿಕೊಳ್ಳುವಂತಿಲ್ಲ. ಕನೆಕ್ಟಿಕಟ್‌ನಲ್ಲಿ ಅಂಥ ತಡೆ ಇರಲಿಲ್ಲ, ಹಾಗಾಗಿ 2006ರಲ್ಲಿ ಪ್ರೈಮರಿ ಸೋತ ಜೋ ಲೀಬರ್‌ಮನ್ ಪಕ್ಷೇತರರಾಗಿ ನಿಂತು ಗೆದ್ದರು. ಉಳಿದವರಿಗೆ ಒಂದೇ ಬಾಗಿಲು, ಆ ಬಾಗಿಲಲ್ಲೇ ಹಾಲಿ ಸದಸ್ಯನನ್ನು ಎದುರಿಸಬೇಕು.

2014ರ ಜೂನ್‌ನಲ್ಲಿ ವರ್ಜೀನಿಯಾದ ಎರಿಕ್ ಕ್ಯಾಂಟರ್ ಸೋತರು. ಜನಪ್ರತಿನಿಧಿ ಸಭೆಯಲ್ಲಿ ರಿಪಬ್ಲಿಕನ್ ಬಹುಮತದ ನಾಯಕ, ಮುಂದಿನ ಸ್ಪೀಕರ್ ಎಂದೇ ಎಲ್ಲರೂ ಭಾವಿಸಿದ್ದವರು. ಖರ್ಚು ಮಾಡಿದ್ದು 50 ಲಕ್ಷ ಡಾಲರ್‌ಗೂ ಮಿಕ್ಕಿ. ಎದುರಾಳಿ ಡೇವಿಡ್ ಬ್ರ್ಯಾಟ್ ಒಂದು ಸಣ್ಣ ಕಾಲೇಜಿನ ಅರ್ಥಶಾಸ್ತ್ರದ ಮೇಷ್ಟರು, ಕೂಡಿಸಿದ್ದು ಸುಮಾರು 2 ಲಕ್ಷ ಡಾಲರ್. ಅವರಿಗೆ ಬಲ ಕೊಟ್ಟಿದ್ದು ವಲಸೆ ನೀತಿಯ ಬಗ್ಗೆ ದಿನವೂ ಮಾತಾಡುತ್ತಿದ್ದ ರೇಡಿಯೊ ನಿರೂಪಕರು. ದೇಶದ ದೊಡ್ಡ ಬಂಡಾಯ ಸಂಘಟನೆಗಳು ಈ ಕ್ಷೇತ್ರ ಗೆಲ್ಲಬಹುದೆಂದು ನಂಬದೆ ಹಣವನ್ನೇ ಹಾಕಿರಲಿಲ್ಲ. ಮತದಾನದ ದಿನ ಬೆಳಿಗ್ಗೆ ಕ್ಯಾಂಟರ್ ತಮ್ಮ ಕ್ಷೇತ್ರದಲ್ಲಿರಲಿಲ್ಲ, ವಾಷಿಂಗ್ಟನ್ನಿನಲ್ಲಿ ಸಭೆ ನಡೆಸುತ್ತಿದ್ದರು.

ನಾಲ್ಕು ವರ್ಷಗಳ ನಂತರ ನ್ಯೂಯಾರ್ಕಿನಲ್ಲಿ ಜೋ ಕ್ರೌಲಿ. ಡೆಮಾಕ್ರಟಿಕ್ ಸಂಸದೀಯ ನಾಯಕರಲ್ಲಿ ನಾಲ್ಕನೆಯ ಸ್ಥಾನದವರು. 2004ರಿಂದೀಚೆಗೆ ಪ್ರೈಮರಿಯಲ್ಲಿ ಅವರೆದುರು ಯಾರೂ ನಿಂತಿರಲಿಲ್ಲ. ಗವರ್ನರ್, ಇಬ್ಬರು ಸೆನೆಟರ್‌ಗಳು ಎಲ್ಲರ ಬೆಂಬಲವೂ ಅವರಿಗೇ. ಎದುರು ನಿಂತ 28 ವರ್ಷದ ಅಲೆಕ್ಸಾಂಡ್ರಿಯಾ ಒಕಾಸಿಯೊ ಕಾರ್ಟೆಜ್ ಹೋಟೆಲಿನಲ್ಲಿ ದುಡಿದು ಬಂದವರು. ಜಸ್ಟಿಸ್ ಡೆಮಾಕ್ರಟ್ಸ್ ಎಂಬ ಹೊಸ ಸಂಘಟನೆ ಅವರನ್ನು ಹುಡುಕಿ ಕಣಕ್ಕಿಳಿಸಿತ್ತು. ಕ್ಷೇತ್ರದಲ್ಲಿ ನಡೆದ ಒಂದು ಚರ್ಚೆಗೆ ಕ್ರೌಲಿ ತಾವು ಬಾರದೆ ಬೇರೊಬ್ಬರನ್ನು ಕಳುಹಿಸಿದರು. ಆ ಖಾಲಿ ಕುರ್ಚಿಗಿಂತ ಒಳ್ಳೆಯ ಪ್ರಚಾರ ಸಾಮಗ್ರಿ ಎದುರಾಳಿಗೆ ಬೇಕಿರಲಿಲ್ಲ. ಸುಮಾರು 7 ಲಕ್ಷ ಜನಸಂಖ್ಯೆಯ ಕ್ಷೇತ್ರದಲ್ಲಿ ಇಬ್ಬರಿಗೂ ಸೇರಿ ಬಿದ್ದದ್ದು 30 ಸಾವಿರದ ಆಸುಪಾಸಿನ ಮತ. ಅದರಲ್ಲಿ ಶೇ 57ರಷ್ಟು ಆಕೆಯದು.

2020ರಲ್ಲಿ ಅದೇ ನಗರದ ಇನ್ನೊಬ್ಬ ಹಿರಿಯ ಸಂಸದ ಎಲಿಯಟ್ ಎಂಗೆಲ್ ಅವರದು ಇನ್ನೂ ಕಟುವಾದ ಪ್ರಸಂಗ. ಒಂದು ಪತ್ರಿಕಾಗೋಷ್ಠಿಯಲ್ಲಿ ಮಾತಾಡಲು ಅವಕಾಶ ಕೇಳುತ್ತ, ನನಗೆ ಪ್ರೈಮರಿ ಇಲ್ಲದಿದ್ದರೆ ನಾನು ತಲೆಕೆಡಿಸಿಕೊಳ್ಳುತ್ತಿರಲಿಲ್ಲ ಎಂದುಬಿಟ್ಟರು. ಮೈಕು ಚಾಲೂ ಇತ್ತು. ಮೂರು ವಾರಗಳಲ್ಲಿ ಎಂಗೆಲ್ ಶಾಲಾ ಮುಖ್ಯೋಪಾಧ್ಯಾಯ ಜಮಾಲ್ ಬೋಮನ್ ಎದುರು ಸೋತರು. ಈ ಮೂರೂ ಕಡೆ ಬಂಡಾಯಕ್ಕೆ ಜಾಗ ಮಾಡಿಕೊಟ್ಟವರು ಮುಖ್ಯವಾಗಿ ಹಾಲಿ ಸದಸ್ಯರೇ. ಹದಿಮೂರು, ಇಪ್ಪತ್ತು, ಮೂವತ್ತು ವರ್ಷ ಗೆದ್ದವರು ಕ್ಷೇತ್ರವನ್ನು ತಮ್ಮ ಆಸ್ತಿಯೆಂದು ತಿಳಿದಿದ್ದರು.

ಮತ್ತೆ ಜಾರ್ಜಿಯಾಕ್ಕೆ. 2022ರಲ್ಲಿ ಡೊನಾಲ್ಡ್ ಟ್ರಂಪ್ ತಮ್ಮದೇ ಪಕ್ಷದ ಗವರ್ನರ್ ಬ್ರಯನ್ ಕೆಂಪ್ ಅವರನ್ನು ಸೋಲಿಸಲು ಹೊರಟರು. ಟ್ರಂಪ್ ಕಣ್ಣಲ್ಲಿ, ತಾವು ಸೋತ 2020ರ ಅಧ್ಯಕ್ಷೀಯ ಚುನಾವಣೆಯ ಫಲಿತಾಂಶಕ್ಕೆ ಕೆಂಪ್ ಸಹಿ ಹಾಕಿದ್ದೇ ತಪ್ಪು. ಮಾಜಿ ಸೆನೆಟರ್ ಡೇವಿಡ್ ಪರ್ಡ್ಯೂ ಅವರನ್ನು ಎದುರು ನಿಲ್ಲಿಸಿದರು, ಹಣ ಕೊಟ್ಟರು, ಸಭೆ ನಡೆಸಿದರು. ಫಲಿತಾಂಶ: ಕೆಂಪ್ ಶೇ 73ಕ್ಕೂ ಹೆಚ್ಚು, ಪರ್ಡ್ಯೂ ಶೇ 22ರಷ್ಟು. ಆ ಮತದಾರರಲ್ಲಿ ಬಹುಪಾಲು ಜನ ಟ್ರಂಪ್ ಅವರನ್ನು ಮೆಚ್ಚುವವರೇ. 84 ವರ್ಷಗಳ ಹಿಂದಿನ ಉತ್ತರವನ್ನೇ ಜಾರ್ಜಿಯಾ ಮತ್ತೆ ಕೊಟ್ಟಿತ್ತು.

ಅದೇ ತಿಂಗಳು ಒಹಾಯೊದಲ್ಲಿ ಮಾತ್ರ ಅದೇ ಟ್ರಂಪ್ ಅವರ ಮಾತು ಎಲ್ಲವನ್ನೂ ಬದಲಿಸಿತು. ಅಲ್ಲಿ ಹಾಲಿ ಸೆನೆಟರ್ ನಿವೃತ್ತರಾಗುತ್ತಿದ್ದರು. ಕಣದಲ್ಲಿ ಹಲವರು, ಎಲ್ಲರೂ ಟ್ರಂಪ್ ಹೆಸರನ್ನೇ ಜಪಿಸುವವರು. ಜೆ.ಡಿ. ವ್ಯಾನ್ಸ್ ಒಂದು ಕಾಲಕ್ಕೆ ಟ್ರಂಪ್ ಅವರನ್ನು ಕಟುವಾಗಿ ಟೀಕಿಸಿದ್ದವರು, ಸಮೀಕ್ಷೆಗಳಲ್ಲಿ ಹಿಂದಿದ್ದರು. ಏಪ್ರಿಲ್ ಮಧ್ಯದಲ್ಲಿ ಬೆಂಬಲ ಘೋಷಣೆಯಾಯಿತು, ಮೇ 3ರಂದು ಶೇ 32 ಮತ ಪಡೆದು ಗೆದ್ದರು. ಮೂರು ವರ್ಷ ತುಂಬುವುದರೊಳಗೆ ದೇಶದ ಉಪಾಧ್ಯಕ್ಷರಾದರು. ಹಂಚಿಹೋದ ಕಣ, ಪರಿಚಯವಿಲ್ಲದ ಹೆಸರುಗಳು, ಗೊಂದಲದ ಮತದಾರ. ದೊಡ್ಡವರ ಮಾತು ಬೆಳೆ ಬೆಳೆಯುವ ಹೊಲ ಇಂಥದ್ದು. ಈ ಶೇ 32 ಎಂಬ ಸಂಖ್ಯೆಯನ್ನೂ ಗಮನಿಸಿ: ಪಕ್ಷದ ಮೂರರಲ್ಲಿ ಎರಡು ಪಾಲು ಮತದಾರರು ಬೇರೆಯವರನ್ನು ಬಯಸಿದ್ದರು.

ಹಣದ ಮಾತನ್ನು ಬಿಡುವಂತಿಲ್ಲ, ಮತ್ತು ಅದಕ್ಕೆ ನಮ್ಮ ಬೆಳಗಾವಿ ಜಿಲ್ಲೆಯ ಒಂದು ಎಳೆ ಇದೆ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ ಅಮೆರಿಕಕ್ಕೆ ಹೋಗಿ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ಉದ್ಯಮಿಯಾಗಿ ಹಣ ಮಾಡಿದವರು. 2018ರಲ್ಲಿ ಮಿಶಿಗನ್ ಗವರ್ನರ್ ಸ್ಥಾನದ ಡೆಮಾಕ್ರಟಿಕ್ ಪ್ರೈಮರಿಗೆ ಸ್ವಂತದ ಸುಮಾರು 1 ಕೋಟಿ ಡಾಲರ್ ಸುರಿದು ಮೂರನೆಯ ಸ್ಥಾನ ಪಡೆದರು. 2022ರಲ್ಲಿ ಡೆಟ್ರಾಯಿಟ್ ನಗರದ ಸಂಸತ್ ಕ್ಷೇತ್ರಕ್ಕೆ ನಿಂತರು. ಕಣದಲ್ಲಿ ಒಂಬತ್ತು ಜನ. ರಾಜ್ಯ ಸೆನೆಟರ್ ಆ್ಯಡಮ್ ಹೋಲಿಯರ್ ಪರವಾಗಿ ಇಸ್ರೇಲ್ ಪರ ಲಾಬಿಯ ಸೂಪರ್ ಪ್ಯಾಕ್ (ಅಭ್ಯರ್ಥಿಯಿಂದ ಬೇರೆಯಾಗಿ, ಮಿತಿಯಿಲ್ಲದೆ ಹಣ ಕೂಡಿಸಿ ಖರ್ಚು ಮಾಡುವ ಸಂಘಟನೆ) ಒಂದೇ 40 ಲಕ್ಷ ಡಾಲರ್‌ನಷ್ಟು ಖರ್ಚು ಮಾಡಿತು. ಗೆದ್ದದ್ದು ಥಾನೇದಾರ್, ಶೇ 28ರಷ್ಟು ಮತ ಪಡೆದು. ಹೊರಗಿನ ಹಣವನ್ನು ಸ್ವಂತ ಹಣ ಸೋಲಿಸಿತು. ಕಪ್ಪು ಸಮುದಾಯದ ಮತಗಳು ಹಲವು ಅಭ್ಯರ್ಥಿಗಳ ನಡುವೆ ಹರಿದು ಹಂಚಿಹೋದವು. 1950ರ ದಶಕದ ನಂತರ ಮೊದಲ ಬಾರಿಗೆ ಡೆಟ್ರಾಯಿಟ್ ನಗರ ಕಪ್ಪು ಸಂಸದರಿಲ್ಲದೆ ಉಳಿಯಿತು. ನಮ್ಮ ನೆಲದ ಹುಡುಗ ಅಲ್ಲಿಗೆ ಏರಿದ್ದು ಹೆಮ್ಮೆಯೇ. ಆದರೆ ಆ ನಗರದ ಜನರಿಗೆ ಆದ ನೋವನ್ನು ಬದಿಗಿಟ್ಟು ಹೆಮ್ಮೆ ಪಡಲು ಮನಸ್ಸು ಒಪ್ಪುವುದಿಲ್ಲ.

ಅದೇ ಲಾಬಿ 2024ರಲ್ಲಿ ನ್ಯೂಯಾರ್ಕಿನ ಬೋಮನ್ ಅವರನ್ನು ಸೋಲಿಸಲು 1.4 ಕೋಟಿ ಡಾಲರ್‌ಗೂ ಹೆಚ್ಚು ಹಾಕಿತು. ಈ ಬಾರಿ ಫಲ ಸಿಕ್ಕಿತು. ಹಣದ ಜೊತೆಗೆ ಅವರು ಆರಿಸಿಕೊಂಡ ಅಭ್ಯರ್ಥಿ ಜಾರ್ಜ್ ಲ್ಯಾಟಿಮರ್ ಆ ಭಾಗದ ಕೌಂಟಿ ಆಡಳಿತದ ಮುಖ್ಯಸ್ಥ. ಮನೆಮನೆಗೆ ಪರಿಚಿತ ಮುಖ. ಹಣವೊಂದೇ ಗೆಲ್ಲಿಸಿತು ಎಂದು ನಾನು ಹೇಳುವುದಿಲ್ಲ. ಆದರೆ ಆ ಕ್ಷೇತ್ರದ ಜನರ ಕಿವಿಗೆ ದಿನವೂ ಬೀಳುತ್ತಿದ್ದ ಜಾಹೀರಾತುಗಳಿಗೆ ಹಣ ಎಲ್ಲಿಂದ ಬಂತು ಎಂಬುದು ಅವರಲ್ಲಿ ಎಷ್ಟು ಜನರಿಗೆ ಗೊತ್ತಿತ್ತು? ಕ್ಲೈಬರ್ನ್ ತಮ್ಮ ಮುಖ ತೋರಿಸಿ ಮಾತಾಡಿದರು. ಸೂಪರ್ ಪ್ಯಾಕಿಗೆ ಮುಖವಿಲ್ಲ. ಬಹಿರಂಗ ಬೆಂಬಲವನ್ನು ನಾನು ಪ್ರಜಾಪ್ರಭುತ್ವದ ಸಹಜ ಮಾತುಕತೆ ಎಂದು ಒಪ್ಪುತ್ತೇನೆ, ಆದರೆ ಮುಖವಿಲ್ಲದ ಹಣವನ್ನು ಒಪ್ಪಲಾರೆ.

ಇನ್ನೂ ಕೆಟ್ಟದ್ದು ಎದುರು ಪಕ್ಷ ನಮ್ಮ ಪ್ರೈಮರಿಗೆ ಕೈಹಾಕುವುದು. 2012ರಲ್ಲಿ ಮಿಸೌರಿಯ ಡೆಮಾಕ್ರಟಿಕ್ ಸೆನೆಟರ್ ಕ್ಲೇರ್ ಮೆಕ್ಯಾಸ್ಕಿಲ್, ರಿಪಬ್ಲಿಕನ್ನರಲ್ಲಿ ಸೋಲಿಸಲು ಸುಲಭವಾದ ಟಾಡ್ ಏಕಿನ್ ಗೆಲ್ಲಲಿ ಎಂದು ಸುಮಾರು 17 ಲಕ್ಷ ಡಾಲರ್ ಜಾಹೀರಾತಿಗೆ ಸುರಿದರು. ಏಕಿನ್ ತೀರಾ ಸಂಪ್ರದಾಯವಾದಿ ಎಂದು ಬೈಯುವ ಜಾಹೀರಾತು, ರಿಪಬ್ಲಿಕನ್ ಮತದಾರನ ಕಿವಿಗೆ ಹೊಗಳಿಕೆ. ಲೆಕ್ಕಾಚಾರ ಫಲಿಸಿತು, ನವೆಂಬರ್‌ನಲ್ಲಿ ಅವರು ಸುಲಭವಾಗಿ ಗೆದ್ದರು. ಥಾನೇದಾರ್ ಗೆದ್ದ ದಿನವೇ ಮಿಶಿಗನ್ನಿನ ಇನ್ನೊಂದು ಕ್ಷೇತ್ರದಲ್ಲಿ ಪೀಟರ್ ಮೇಯರ್ ಎಂಬ ರಿಪಬ್ಲಿಕನ್ ಸಂಸದ ಸೋತರು. ಟ್ರಂಪ್ ವಿರುದ್ಧದ ಮಹಾಭಿಯೋಗಕ್ಕೆ ಪಕ್ಷದ ಎದುರು ನಿಂತು ಮತ ಹಾಕಿದ್ದ ಧೈರ್ಯಶಾಲಿ ಅವರು. ಅವರ ವಿರುದ್ಧ ಟ್ರಂಪ್ ಬೆಂಬಲಿಸಿದ್ದ ಅಭ್ಯರ್ಥಿಗೆ ನೆರವಾಗುವ ಜಾಹೀರಾತಿಗೆ 4 ಲಕ್ಷ ಡಾಲರ್‌ಗೂ ಹೆಚ್ಚು ಕೊಟ್ಟಿದ್ದು ಡೆಮಾಕ್ರಟಿಕ್ ಪಕ್ಷದ ಸಂಸದೀಯ ಚುನಾವಣಾ ಸಮಿತಿ. ಆ ಸೀಟನ್ನು ಡೆಮಾಕ್ರಟರು ಗೆದ್ದರು. ಪ್ರಜಾಪ್ರಭುತ್ವಕ್ಕೆ ಅಪಾಯ ಎಂದು ಬೆಳಿಗ್ಗೆ ಭಾಷಣ ಮಾಡಿ ಸಂಜೆ ಆ ಅಪಾಯಕ್ಕೇ ಹಣ ಕೊಟ್ಟದ್ದು ನನ್ನ ಕಣ್ಣಲ್ಲಿ ಕ್ಷಮಿಸಲಾಗದ್ದು.

ಬಂಡಾಯ ಗೆದ್ದ ಮಾತ್ರಕ್ಕೆ ಪಕ್ಷ ಗೆಲ್ಲುವುದಿಲ್ಲ. 2010ರಲ್ಲಿ ಡೆಲವೇರ್‌ನಲ್ಲಿ ರಿಪಬ್ಲಿಕನ್ ನಾಯಕಿ ಸೇರಾ ಪೇಲಿನ್ ಅವರ ಬೆಂಬಲ ಪಡೆದ ಕ್ರಿಸ್ಟೀನ್ ಓ'ಡಾನಲ್, ಎರಡು ಬಾರಿ ಗವರ್ನರ್ ಆಗಿದ್ದ ಮೈಕ್ ಕ್ಯಾಸಲ್ ಅವರನ್ನು ಪ್ರೈಮರಿಯಲ್ಲಿ ಕೆಡವಿದರು. ಕ್ಯಾಸಲ್ ನಿಂತಿದ್ದರೆ ಗೆಲುವು ಬಹುತೇಕ ಖಚಿತವಾಗಿದ್ದ ಸೆನೆಟ್ ಸ್ಥಾನವನ್ನು ನವೆಂಬರ್‌ನಲ್ಲಿ ಓ'ಡಾನಲ್ ಭಾರಿ ಅಂತರದಿಂದ ಕಳೆದುಕೊಂಡರು. ಕ್ಯಾಂಟರ್ ಅವರನ್ನು ಸೋಲಿಸಿದ ಬ್ರ್ಯಾಟ್ ಅವರ ಕ್ಷೇತ್ರವೂ 2018ರಲ್ಲಿ ಡೆಮಾಕ್ರಟರ ಪಾಲಾಯಿತು.

ಇಲ್ಲಿಗೆ ನನ್ನ ಉಪನ್ಯಾಸ ಮುಗಿಯಿತು. ಪ್ರಶ್ನೋತ್ತರದಲ್ಲಿ ಒಬ್ಬ ವಿದ್ಯಾರ್ಥಿನಿ ನಮ್ಮ ದೇಶದಲ್ಲಿ ಯಾರಾದರೂ ಇದನ್ನು ಮಾಡಿ ನೋಡಿದ್ದಾರೆಯೇ ಎಂದು ಕೇಳಿದರು. ಮಾಡಿದ್ದಾರೆ. 2014ರ ಲೋಕಸಭಾ ಚುನಾವಣೆಯಲ್ಲಿ ರಾಹುಲ್ ಗಾಂಧಿಯವರ ಒತ್ತಾಸೆಯಿಂದ ಕಾಂಗ್ರೆಸ್ ಸುಮಾರು ಹದಿನೈದು ಕ್ಷೇತ್ರಗಳಲ್ಲಿ ಪ್ರೈಮರಿಯ ಪ್ರಯೋಗ ಮಾಡಿತು. ಕರ್ನಾಟಕದಲ್ಲಿ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ ಆ ಪಟ್ಟಿಯಲ್ಲಿದ್ದವು. ಅಲ್ಲಿ ಮತ ಹಾಕಿದ್ದು ಪಕ್ಷದ ಪದಾಧಿಕಾರಿಗಳು ಮತ್ತು ಪಕ್ಷದಿಂದ ಆಯ್ಕೆಯಾದ ಪ್ರತಿನಿಧಿಗಳು. ಸಾಮಾನ್ಯ ಬೆಂಬಲಿಗನಿಗೆ ಜಾಗ ಇರಲಿಲ್ಲ. ಸಿ. ನಾರಾಯಣಸ್ವಾಮಿ ಮತ್ತು ಬಿ. ಜನಾರ್ದನ ಪೂಜಾರಿ ಆಯ್ಕೆಯಾದರು. ಮೇ ತಿಂಗಳಲ್ಲಿ ಇಬ್ಬರೂ ಬಿಜೆಪಿಯ ಎದುರು ಸೋತರು. ಪ್ರಯೋಗ ಮುಂದುವರಿಯಲಿಲ್ಲ. ಆ ವರ್ಷದ ಅಲೆಯಲ್ಲಿ ಹೈಕಮಾಂಡ್ ಆರಿಸಿದವರೂ ಸಾಲುಸಾಲಾಗಿ ಸೋತರು, ಆದರೆ ಹೈಕಮಾಂಡ್ ಪದ್ಧತಿಯನ್ನು ಯಾರೂ ಕೈಬಿಡಲಿಲ್ಲ.

ಮಂಡ್ಯದ ಉದಾಹರಣೆಯನ್ನೂ ಸೇರಿಸಿದೆ. 2019ರಲ್ಲಿ ಮೈತ್ರಿಯ ಒಪ್ಪಂದದಂತೆ ಆ ಕ್ಷೇತ್ರ ಜೆಡಿಎಸ್‌ಗೆ ಹೋಯಿತು, ಸುಮಲತಾ ಅವರಿಗೆ ಕಾಂಗ್ರೆಸ್ ಟಿಕೆಟ್ ಸಿಗಲಿಲ್ಲ. ಪಕ್ಷೇತರರಾಗಿ ನಿಂತರು. ಬಿಜೆಪಿ ಬೆಂಬಲ ಕೊಟ್ಟಿತು, ದರ್ಶನ್ ಮತ್ತು ಯಶ್ ಬಿಸಿಲಲ್ಲಿ ಊರೂರು ತಿರುಗಿದರು. ಮುಖ್ಯಮಂತ್ರಿಯ ಮಗನ ಎದುರು ಸುಮಾರು 1.25 ಲಕ್ಷ ಮತಗಳ ಅಂತರದಿಂದ ಗೆದ್ದರು. ಸಿನಿಮಾ ನಟರು ಬಂದದ್ದರಿಂದ ಗೆದ್ದರು ಎನ್ನುವವರಿದ್ದಾರೆ. ಅಂಬರೀಶ್ ತೀರಿಕೊಂಡು ಆಗ ಕೆಲವೇ ತಿಂಗಳಾಗಿತ್ತು, ಆಕೆ ಮಂಡ್ಯದ ಸೊಸೆ, ಟಿಕೆಟ್ ಹಂಚಿದ ರೀತಿಗೆ ಕಾರ್ಯಕರ್ತರಲ್ಲಿ ಸಿಟ್ಟಿತ್ತು. ನಟರು ಆ ಕೆಂಡಕ್ಕೆ ಗಾಳಿ ಬೀಸಿದರು ಎಂಬುದು ನನ್ನ ಓದು. ನಮ್ಮಲ್ಲಿ ಪ್ರೈಮರಿ ಇದ್ದಿದ್ದರೆ ಆ ಹೋರಾಟ ಪಕ್ಷದೊಳಗೇ, ಇನ್ನೂ ಮೊದಲೇ ನಡೆದುಹೋಗುತ್ತಿತ್ತು.

ಕೊನೆಯ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದರು. ಸರ್, ನಮ್ಮಲ್ಲಿ ಪ್ರೈಮರಿ ಬಂದರೆ ಹಣವಿದ್ದವನೇ ಸದಸ್ಯರನ್ನು ಕೊಂಡುಕೊಳ್ಳುವುದಿಲ್ಲವೇ ಎಂದು ಕೇಳಿದರು. ಆ ಭಯ ಸುಳ್ಳಲ್ಲ, ಡೆಟ್ರಾಯಿಟಿನ ಕಥೆಯನ್ನು ಈಗಷ್ಟೇ ಹೇಳಿದೆನಲ್ಲ ಎಂದೆ. ಮೊದಲ ಹೆಜ್ಜೆಯಾಗಿ ಪ್ರತಿ ಪಕ್ಷವೂ ತನ್ನ ಸದಸ್ಯರ ಪಟ್ಟಿಯನ್ನು ಬೂತ್‌ವಾರು ಪ್ರಕಟಿಸಿ ಕಚೇರಿಯ ಗೋಡೆಗೆ ಅಂಟಿಸಲಿ, ಯಾರಿಗೆ ಮತವಿದೆ ಎಂಬುದು ಗೊತ್ತಾಗದೆ ಯಾವ ಚುನಾವಣೆಯೂ ಶುರುವಾಗುವುದಿಲ್ಲ ಎಂದೆ. ನೀವು ಯಾವುದಾದರೂ ಪಕ್ಷದ ಸದಸ್ಯರೇ ಎಂದು ಅವರನ್ನು ಕೇಳಿದೆ. ಮೂವತ್ತೊಂದು ವರ್ಷವಾಯಿತು, ಪ್ರತಿ ಸಲವೂ ರಸೀದಿ ಹರಿಸಿದ್ದೇನೆ ಎಂದರು. ಟಿಕೆಟ್ ಯಾರಿಗೆ ಕೊಡಬೇಕು ಎಂದು ಒಮ್ಮೆಯಾದರೂ ನಿಮ್ಮನ್ನು ಕೇಳಿದ್ದಾರೆಯೇ? ಅವರು ಸ್ವಲ್ಪ ಹೊತ್ತು ನಿಂತೇ ಇದ್ದರು. ಪೋಸ್ಟರ್ ಹಚ್ಚಲು ಕರೆದಿದ್ದಾರೆ ಎಂದು ಹೇಳಿ ಕುಳಿತರು.